ಥೇಮ್ಸ್ ಮೇಲೆ ಆರು ರಾತ್ರಿ: ಬಾರ್ಜ್ ಬುಕ್ ಮಾಡುವ ಮುಂಚೆ

ಹ್ಯಾಂಪ್ಟನ್ ಕೋರ್ಟ್ ಅರಮನೆಯಿಂದ ಹೆನ್ಲಿ ಊರಿಗೆ ಕಾರಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆಯ ದಾರಿ. ಹೋಟೆಲ್ ಬಾರ್ಜ್, ಅಂದರೆ ಮಲಗುವ ಕೋಣೆ, ಊಟ ಎಲ್ಲ ಇರುವ ಅಗಲ ದೋಣಿ, ಅದಕ್ಕೆ ಭಾನುವಾರ ಸಂಜೆಯಿಂದ ಶನಿವಾರ ಬೆಳಿಗ್ಗೆಯವರೆಗೆ ಆರು ರಾತ್ರಿ ತೆಗೆದುಕೊಳ್ಳುತ್ತದೆ. ನದಿಯ ಲೆಕ್ಕದಲ್ಲಿ ಸುಮಾರು 40 ಮೈಲಿ, ನಡುವೆ 16 ಲಾಕ್‌ಗಳು, ಅಂದರೆ ದೋಣಿಯನ್ನು ನದಿಯ ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಗೇಟಿನ ತೊಟ್ಟಿಗಳು. ತಲೆಗೆ ಸಾವಿರಾರು ಪೌಂಡ್ ಆಗುವ ಪ್ರವಾಸ ಇದು. ಬ್ರೋಷರ್‌ಗಳಲ್ಲಿ ಹಾಸಿಗೆ, ವೈನ್, ಮೇಣದಬತ್ತಿ ಹಚ್ಚಿದ ಊಟದ ಮೇಜು ಎಲ್ಲ ಇರುತ್ತದೆ, ನೀರಿನ ವಿಷಯ ಮಾತ್ರ ಇರುವುದಿಲ್ಲ. ಆದರೆ ಆ ವಾರ ಹೇಗೆ ಕಳೆಯುತ್ತದೆ ಎಂಬುದು ಪೂರ್ತಿ ನೀರಿನ ಕೈಯಲ್ಲಿದೆ. ಅದಕ್ಕೇ ಇಲ್ಲಿ ಹೆಚ್ಚಾಗಿ ನೀರಿನ ಮಾತೇ ಇದೆ.

ಮೊದಲು ದೋಣಿ. ಹಾಲೆಂಡಿನಲ್ಲಿ ಸರಕು ಹೊರಲು ಕಟ್ಟಿದ್ದ ಚಪ್ಪಟೆ ತಳದ ಉಕ್ಕಿನ ಬಾರ್ಜ್‌ಗಳೇ ಇಂಥ ಅನೇಕ ಹೋಟೆಲ್ ದೋಣಿಗಳ ಮೂಲ. ಸರಕು ತುಂಬುತ್ತಿದ್ದ ಹೊಟ್ಟೆಯಲ್ಲಿ ಈಗ ಮಲಗುವ ಕೋಣೆಗಳಿವೆ. ಹಾಗಾಗಿ ಕೋಣೆಯ ಕಿಟಕಿ ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಮೇಲಿರುತ್ತದೆ. ಮಲಗಿದಲ್ಲಿಂದಲೇ ಬಾತುಕೋಳಿಯ ಕಣ್ಣು ಕಾಣುವಷ್ಟು ಹತ್ತಿರ. ಊಟದ ಕೋಣೆ, ಕೂರುವ ಜಾಗ, ಡೆಕ್ ಎಲ್ಲ ಮೇಲೆ. ಹ್ಯಾಂಪ್ಟನ್ ಕೋರ್ಟ್-ಹೆನ್ಲಿ ದಾರಿಯಲ್ಲಿ ಓಡುವ ಮ್ಯಾಗ್ನಾ ಕಾರ್ಟಾ ಎಂಬ ಬಾರ್ಜ್‌ನಲ್ಲಿ ನಾಲ್ಕು ಕೋಣೆ, ಎಂಟು ಜನಕ್ಕೆ ಜಾಗ. ಈ ಬಗೆಯ ದೋಣಿಗಳ ಅಳತೆ ಹೆಚ್ಚುಕಮ್ಮಿ ಇಷ್ಟೇ. ಕ್ಯಾಪ್ಟನ್, ಅಡುಗೆಯವರು, ಕೋಣೆ ಮತ್ತು ಊಟದ ಉಸ್ತುವಾರಿಯವರು, ದಡದಲ್ಲಿ ಮಿನಿಬಸ್ ಓಡಿಸುವ ಗೈಡ್ ಸೇರಿ ನಾಲ್ಕೈದು ಸಿಬ್ಬಂದಿ.

ತಳ ಚಪ್ಪಟೆಯಾದ್ದರಿಂದ ತೂಗಾಟ ಇಲ್ಲ, ವಾಂತಿ ಬರುತ್ತದೆಂಬ ಭಯ ಬೇಡ. ಆದರೆ ಇದೇ ಚಪ್ಪಟೆ ತಳ ಗಾಳಿಗೆ ಸೋಲುತ್ತದೆ. ಪಕ್ಕದಿಂದ ಗಾಳಿ ಬೀಸಿದರೆ ದೋಣಿ ಅಡ್ಡಡ್ಡ ಜಾರುತ್ತದೆ. ಅದನ್ನು ಸರಿಪಡಿಸಲು ಮೂತಿಯ ಹತ್ತಿರ, ನೀರಿನೊಳಗೆ ಅಡ್ಡಲಾಗಿ, ಬೋ ಥ್ರಸ್ಟರ್ ಎಂಬ ಸಣ್ಣ ಪ್ರೊಪೆಲ್ಲರ್ ಇರುತ್ತದೆ. ಲಾಕ್ ಹತ್ತಿರ ಬಂದಾಗ ಮಿಕ್ಸಿಗೆ ಕಲ್ಲು ಹಾಕಿದ ಹಾಗೆ ಗರ್ರೆನ್ನುವ ಸದ್ದು ಅದರದೇ. ಮೂತಿಯ ಕಡೆಯ ಕೋಣೆಗೆ ಈ ಸದ್ದು ಜೋರು, ಹಿಂದಿನ ಕೋಣೆಗೆ ಎಂಜಿನ್ ಮತ್ತು ಜನರೇಟರ್‌ನ ಗುಂಯ್ ಜೋರು. ನಡುವಿನ ಕೋಣೆ ಸಿಕ್ಕರೆ ಎರಡರಿಂದಲೂ ದೂರ. ಬುಕ್ ಮಾಡುವಾಗ ಕೋಣೆಯ ಚದರಡಿ ಕೇಳುವುದಕ್ಕಿಂತ ದೋಣಿಯ ನಕ್ಷೆ ತರಿಸಿಕೊಂಡು ಜನರೇಟರ್ ಎಲ್ಲಿದೆ, ರಾತ್ರಿ ಎಷ್ಟು ಹೊತ್ತಿಗೆ ಆರಿಸುತ್ತಾರೆ ಎಂದು ಕೇಳುವುದು ಲೇಸು.

ಇನ್ನು ಲಾಕ್. ಥೇಮ್ಸ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನದಿ. ಪ್ರತಿ ಮೆಟ್ಟಿಲಿಗೂ ನೀರು ತಡೆಯಲು ಒಂದು ಅಡ್ಡಗಟ್ಟೆ, ಅದರ ಪಕ್ಕದಲ್ಲೇ ದೋಣಿ ಹತ್ತಿಳಿಯಲು ಒಂದು ಲಾಕ್. ಸಮುದ್ರದ ಉಬ್ಬರವಿಳಿತ ಟೆಡ್ಡಿಂಗ್ಟನ್ ಲಾಕ್‌ಗೆ ನಿಲ್ಲುತ್ತದೆ. ಅಲ್ಲಿಂದ ಮೇಲಿನ ನದಿ ಎನ್ವಿರಾನ್‌ಮೆಂಟ್ ಏಜೆನ್ಸಿ ಎಂಬ ಸರಕಾರಿ ಸಂಸ್ಥೆಯ ಸುಪರ್ದಿಗೆ ಸೇರಿದ್ದು. ಲಂಡನ್ ಬ್ರಿಜ್ ಹತ್ತಿರ ನೀರು ಏರಿಳಿಯುವುದು ಸುಮಾರು 7 ಮೀಟರ್, ಹಾಗಾಗಿ ಹೋಟೆಲ್ ಬಾರ್ಜ್‌ಗಳು ಊರೊಳಗಿನ ಥೇಮ್ಸ್ ಬಿಟ್ಟು ಟೆಡ್ಡಿಂಗ್ಟನ್‌ನಿಂದ ಮೇಲೆಯೇ ಓಡಾಡುತ್ತವೆ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರಲ್ಲಿ ಅನಾವರಣವಾದ ಬಸವಣ್ಣನವರ ಪ್ರತಿಮೆ ನೋಡುವ ಆಸೆ ಇದ್ದರೆ ಬಾರ್ಜ್ ಹತ್ತುವ ಮುಂಚೆಯೇ ಒಂದು ದಿನ ಲಂಡನ್ನಿನಲ್ಲಿ ಇಟ್ಟುಕೊಳ್ಳಿ. ಅಲ್ಲಿಂದ ವಾಟರ್‌ಲೂ ಸ್ಟೇಷನ್ ಹತ್ತಿರ, ವಾಟರ್‌ಲೂನಿಂದ ಹ್ಯಾಂಪ್ಟನ್ ಕೋರ್ಟ್‌ಗೆ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ.

ಹ್ಯಾಂಪ್ಟನ್ ಕೋರ್ಟ್ ಸೇತುವೆ ದಾಟಿದ ಕೂಡಲೇ ಸಿಗುವುದು ಮೋಲ್ಸಿ ಲಾಕ್. ಇಲ್ಲೇ ಡೆಕ್ ಮೇಲೆ ನಿಂತು ಎಲ್ಲವನ್ನೂ ಒಮ್ಮೆ ಸರಿಯಾಗಿ ನೋಡಿಬಿಡಿ, ಉಳಿದ 15 ಲಾಕ್‌ಗಳು ಅರ್ಥವಾಗುತ್ತವೆ. ಕೆಳಗಿನ ಗೇಟು ತೆರೆದಿರುತ್ತದೆ, ಕ್ಯಾಪ್ಟನ್ ನಡೆಯುವುದಕ್ಕಿಂತ ನಿಧಾನವಾಗಿ ದೋಣಿಯನ್ನು ಒಳಗೆ ತರುತ್ತಾರೆ. ಸಣ್ಣ ದೋಣಿಗಳು ಜೊತೆಗಿದ್ದರೆ ಸಾಮಾನ್ಯವಾಗಿ ದೊಡ್ಡದು ಮೊದಲು, ಸಣ್ಣವು ಹಿಂದೆ. ಮೂತಿಯಲ್ಲೊಬ್ಬರು, ಹಿಂದೊಬ್ಬರು ದಡದ ಗೂಟಕ್ಕೆ ಹಗ್ಗ ಬಳಸುತ್ತಾರೆ. ಗಮನಿಸಿ, ಬಳಸುತ್ತಾರೆ, ಕಟ್ಟುವುದಿಲ್ಲ. ಹಗ್ಗ ಗೂಟವನ್ನು ಸುತ್ತಿ ಮತ್ತೆ ಕೈಗೇ ಬರುತ್ತದೆ. ಆಮೇಲೆ ಎಂಜಿನ್ ಆರಿಸಬೇಕು, ಅದು ನದಿಯ ನಿಯಮ. ಪ್ರೊಪೆಲ್ಲರ್ ತಿರುಗುತ್ತಿದ್ದರೆ ಅದು ತಳ್ಳುವ ನೀರು ಹಿಂದಿನ ಸಣ್ಣ ದೋಣಿಗಳನ್ನು ಗೋಡೆಗೆ ಬಡಿಸುತ್ತದೆ.

ಹಿಂದಿನ ಗೇಟು ಮುಚ್ಚಿದ ಮೇಲೆ ಲಾಕ್‌ಕೀಪರ್ ಮೇಲಿನ ಗೇಟಿನ ತೂಬುಗಳನ್ನು ಮೊದಲು ಸ್ವಲ್ಪ, ಆಮೇಲೆ ಪೂರ್ತಿ ಎತ್ತುತ್ತಾರೆ. ಒಮ್ಮೆಲೇ ಎತ್ತಿದರೆ ನುಗ್ಗಿದ ನೀರು ಮೂತಿಯನ್ನು ಹಿಂದಕ್ಕೂ ಪಕ್ಕಕ್ಕೂ ನೂಕುತ್ತದೆ. ದೋಣಿ ಏರುತ್ತಿದ್ದಂತೆ ಹಗ್ಗ ಸಡಿಲವಾಗುತ್ತದೆ, ಕೈಯಿಂದ ಕೈಗೆ ಎಳೆದುಕೊಳ್ಳುತ್ತಲೇ ಇರಬೇಕು. ಗೋಡೆಯ ಹಸಿರು ಪಾಚಿ ಇಂಚಿಂಚಾಗಿ ನೀರಿನಲ್ಲಿ ಮುಳುಗಿ, ಕಡೆಗೆ ಒಣ ಕಲ್ಲು, ಆಮೇಲೆ ಲಾಕ್‌ಕೀಪರ್ ಬೆಳೆಸಿದ ಹೂವಿನ ಪಾತಿ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಎರಡೂ ಕಡೆ ನೀರು ಸಮ ಆಗುವವರೆಗೆ ಮೇಲಿನ ಗೇಟು ಅಲ್ಲಾಡುವುದಿಲ್ಲ, ಆ ಕಡೆಯ ನೀರಿನ ಒತ್ತಡ ಅಷ್ಟಿರುತ್ತದೆ. ಎಲ್ಲ ಸೇರಿ ಹದಿನೈದು ಇಪ್ಪತ್ತು ನಿಮಿಷ. ಮೋಲ್ಸಿಯಲ್ಲಿ ಏರುವುದು ಸುಮಾರು 1.9 ಮೀಟರ್, ಮೇಡನ್‌ಹೆಡ್‌ನ ಬೋಲ್ಟರ್ಸ್ ಲಾಕ್‌ನಲ್ಲಿ ಸುಮಾರು 2.4.

ಇಳಿಯುವ ದಿಕ್ಕಿನಲ್ಲಿ ತಪ್ಪಾಗುವುದು ಹೆಚ್ಚು. ಹಗ್ಗವನ್ನು ಯಾರಾದರೂ ಗಂಟು ಹಾಕಿಬಿಟ್ಟರೆ ನೀರು ಕೆಳಗಿಳಿಯುತ್ತದೆ, ದೋಣಿ ಗೋಡೆಗೆ ನೇತುಬೀಳುತ್ತದೆ. ಇನ್ನೊಂದು, ಮೇಲಿನ ಗೇಟಿನ ಬುಡದಲ್ಲಿ ನೀರಿನೊಳಗೆ ಒಂದು ಕಲ್ಲಿನ ಮೆಟ್ಟಿಲು ಚಾಚಿಕೊಂಡಿರುತ್ತದೆ. ಅದರ ಗುರುತನ್ನು ಲಾಕ್ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿರುತ್ತಾರೆ. ದೋಣಿಯ ಹಿಂಭಾಗ ಆ ಗುರುತಿಗಿಂತ ಹಿಂದಿದ್ದರೆ ನೀರು ಇಳಿದಾಗ ಚುಕ್ಕಾಣಿ ಆ ಮೆಟ್ಟಿಲ ಮೇಲೆ ಕೂತು ದೋಣಿ ವಾಲುತ್ತದೆ. ಬಾರ್ಜ್ ಸಿಬ್ಬಂದಿ ಇಂಥ ತಪ್ಪು ಮಾಡುವುದಿಲ್ಲ, ನಿಮ್ಮ ಕೆಲಸ ಒಂದೇ: ಕೈ ಕಾಲು ಒಳಗಿಟ್ಟುಕೊಳ್ಳಿ. ನೂರು ಟನ್ ಆಸುಪಾಸಿನ ಉಕ್ಕು ಗೋಡೆಯ ಕಡೆ ಬರುತ್ತಿರುವಾಗ ಕಾಲಿನಿಂದ ತಡೆಯೋಣ ಅನ್ನಿಸುವುದು ಸಹಜ, ಹಾಗೆ ಮಾಡಲೇಬೇಡಿ. ಅದಕ್ಕೆಂದೇ ಪಕ್ಕೆಯಲ್ಲಿ ಫೆಂಡರ್‌ಗಳು ತೂಗುತ್ತಿರುತ್ತವೆ.

ಬೇಸಿಗೆಯಲ್ಲಿ ಲಾಕ್‌ಕೀಪರ್‌ಗಳು ಹಗಲಿಡೀ ಇರುತ್ತಾರೆ. ಅವರು ಊಟಕ್ಕೆ ಹೋದಾಗ ಸೆಲ್ಫ್ ಸರ್ವಿಸ್ ಎಂಬ ಫಲಕ ಕಾಣುತ್ತದೆ, ಆಗ ಸಿಬ್ಬಂದಿಯೇ ದಡಕ್ಕಿಳಿದು ಗುಂಡಿ ಒತ್ತಿ ಗೇಟು ನಡೆಸುತ್ತಾರೆ. ಆಕ್ಸ್‌ಫರ್ಡ್ ದಾಟಿ ಗಾಡ್‌ಸ್ಟೋವರೆಗಿನ ಲಾಕ್‌ಗಳು ಯಂತ್ರದವು, ಅದರಾಚೆ ಮರದ ತೊಲೆಯನ್ನು ಬೆನ್ನು ಕೊಟ್ಟು ನೂಕಬೇಕು. ಬಾರ್ಜ್‌ಗಳು ಅಷ್ಟು ದೂರ ಹೋಗುವುದಿಲ್ಲ. ಆಕ್ಸ್‌ಫರ್ಡಿನ ಓಸ್ನಿ ಸೇತುವೆಯ ಕೆಳಗೆ ಇರುವ ಎತ್ತರ 2.28 ಮೀಟರ್ ಅಷ್ಟೇ, ದೊಡ್ಡ ದೋಣಿಗಳ ಥೇಮ್ಸ್ ಅಲ್ಲಿಗೆ ಮುಗಿಯಿತು.

ಈಗ ಇಡೀ ಪ್ರವಾಸವನ್ನು ಕೆಡಿಸಬಲ್ಲ ಸಂಗತಿಗೆ ಬರೋಣ. ಮಳೆ ಹೆಚ್ಚಾದಾಗ ಲಾಕ್‌ಗಳಲ್ಲಿ ಬಣ್ಣದ ಫಲಕ ಹಾಕುತ್ತಾರೆ. ಹಳದಿ ಫಲಕ ಎರಡು ಬಗೆ, ಹರಿವು ಏರುತ್ತಿದೆ, ಹರಿವು ಇಳಿಯುತ್ತಿದೆ. ಕೆಂಪು ಫಲಕ ಬಂತೆಂದರೆ ಯಾವ ದೋಣಿಯೂ ಹೊರಡಬಾರದೆಂಬ ಸಲಹೆ. ಕೆಂಪು ಫಲಕದಲ್ಲಿ ಬಾರ್ಜ್ ನಿಲ್ಲುವುದಕ್ಕೆ ಕಾರಣ ಹೆದರಿಕೆಯಲ್ಲ, ಲೆಕ್ಕ. ಅಡ್ಡಗಟ್ಟೆಯಿಂದ ಧುಮುಕಿದ ನೀರು ಲಾಕ್‌ನ ಬಾಯಿಯ ಸ್ವಲ್ಪ ಕೆಳಗೆ ಬಂದು ಸೇರುತ್ತದೆ. ಕೆಳಗಿನಿಂದ ಬರುವ ದೋಣಿಯ ಮೂತಿ ಲಾಕ್‌ನ ನಿಂತ ನೀರಿಗೆ ತಲುಪಿರುವಾಗ ಹಿಂಭಾಗ ಇನ್ನೂ ಓಡುವ ನೀರಿನಲ್ಲಿರುತ್ತದೆ. ಹರಿವು ಜೋರಿದ್ದರೆ ದೋಣಿ ಅಲ್ಲೇ ಬಾಗಿಲಿಗೆ ಅಡ್ಡ ತಿರುಗುತ್ತದೆ. ನೀರು ಏರಿದಷ್ಟೂ ಸೇತುವೆಯ ಕೆಳಗಿನ ಜಾಗವೂ ಕಡಿಮೆಯಾಗುತ್ತದೆ. ಅಂಥ ದಿನ ಬಾರ್ಜ್ ದಡಕ್ಕೆ ಕಟ್ಟಿಕೊಂಡಿರುತ್ತದೆ, ನಿಮ್ಮನ್ನು ಮಿನಿಬಸ್ಸಿನಲ್ಲಿ ಊರು ತೋರಿಸಿಕೊಂಡು ಬರುತ್ತಾರೆ. ಹೀಗಾದರೆ ದುಡ್ಡು ವಾಪಸ್ ಇಲ್ಲ ಎಂದು ಬಹುತೇಕ ಒಪ್ಪಂದಗಳಲ್ಲಿ ಬರೆದಿರುತ್ತದೆ. ಸಹಿ ಹಾಕುವ ಮುಂಚೆ ಆ ಸಾಲು ಹುಡುಕಿ ಓದಿ, ಪ್ರಯಾಣ ವಿಮೆ ಅದಕ್ಕೆ ಅನ್ವಯಿಸುತ್ತದೆಯೇ ಎಂದೂ ಕೇಳಿ. ಯಾವ ಲಾಕ್ ಹತ್ತಿರ ಯಾವ ಫಲಕ ಇದೆ ಎಂಬುದು ಎನ್ವಿರಾನ್‌ಮೆಂಟ್ ಏಜೆನ್ಸಿಯ ಮಾಹಿತಿಯಲ್ಲಿ ಲಾಕ್‌ವಾರು ಸಿಗುತ್ತದೆ, ಹೊರಡುವ ಹಿಂದಿನ ವಾರದಿಂದ ನೋಡುತ್ತಿರಿ.

ಇದರಿಂದಲೇ ತಿಂಗಳ ಆಯ್ಕೆಯೂ ತೀರ್ಮಾನವಾಗುತ್ತದೆ. ಬಾರ್ಜ್‌ಗಳು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಓಡುತ್ತವೆ. ಏಪ್ರಿಲ್‌ನಲ್ಲಿ ಚಳಿಗಾಲದ ನೀರು ಇನ್ನೂ ಇಳಿದಿರದೆ ಇರಬಹುದು. ಜುಲೈ-ಆಗಸ್ಟ್‌ನ ಶನಿವಾರ ಭಾನುವಾರ ಬಾಡಿಗೆ ದೋಣಿಗಳಿಂದ ಲಾಕ್‌ಗಳಲ್ಲಿ ಸಾಲು. ನನ್ನ ಮಾತು ಕೇಳುವುದಾದರೆ ಮೇ ಕೊನೆಯಿಂದ ಜೂನ್ ಮಧ್ಯದವರೆಗೆ ಅಥವಾ ಸೆಪ್ಟೆಂಬರ್ ಮೊದಲ ಎರಡು ವಾರ. ಜೂನ್‌ನಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ, ಊಟ ಮುಗಿಸಿ ಡೆಕ್‌ಗೆ ಬಂದರೂ ನದಿ ಕಾಣುತ್ತದೆ. ಜುಲೈ ಮೂರನೇ ವಾರಕ್ಕೆ ಬೇರೆಯೇ ಆಕರ್ಷಣೆ ಇದೆ. ಆಗ ಸನ್‌ಬರಿಯಿಂದ ಆ್ಯಬಿಂಗ್ಡನ್‌ವರೆಗೆ ಐದು ದಿನ ಸ್ವಾನ್ ಅಪ್ಪಿಂಗ್ ನಡೆಯುತ್ತದೆ. ರಾಜರ ಕಡೆಯವರು, ವಿಂಟ್ನರ್ಸ್ (ವೈನ್ ವ್ಯಾಪಾರಿಗಳ) ಮತ್ತು ಡೈಯರ್ಸ್ (ಬಟ್ಟೆಗೆ ಬಣ್ಣ ಹಾಕುವವರ) ಸಂಘದವರು ಹುಟ್ಟು ಹಾಕುತ್ತಾ ಹೋಗಿ ಹಂಸಗಳ ಮರಿಗಳನ್ನು ಹಿಡಿದು, ತೂಗಿ, ಗಾಯ ನೋಡಿ ಬಿಡುತ್ತಾರೆ.

ದಿಕ್ಕಿನ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ, ಹ್ಯಾಂಪ್ಟನ್ ಕೋರ್ಟ್‌ನಿಂದ ಹೆನ್ಲಿ ಕಡೆಗೆ, ಅಂದರೆ ಹರಿವಿಗೆ ಎದುರಾಗಿ ಹೋಗುವ ವಾರವನ್ನೇ ಹಿಡಿಯಿರಿ. ಚುಕ್ಕಾಣಿಗೆ ಕೆಲಸ ಮಾಡಲು ಅದರ ಮೇಲೆ ನೀರು ಹರಿಯಬೇಕು. ಎದುರು ಹರಿವಿನಲ್ಲಿ ದೋಣಿ ನಿಂತಂತಿದ್ದರೂ ಚುಕ್ಕಾಣಿಯ ಮೇಲೆ ನೀರು ಓಡುತ್ತಿರುತ್ತದೆ, ಹಾಗಾಗಿ ತೀರಾ ನಿಧಾನವಾಗಿ, ಸದ್ದಿಲ್ಲದೆ ಹೋಗಬಹುದು. ಹರಿವಿನ ಜೊತೆ ಹೋಗುವಾಗ ಹಿಡಿತ ಉಳಿಸಿಕೊಳ್ಳಲು ನೀರಿಗಿಂತ ಜೋರಾಗಿ ಓಡಲೇಬೇಕು. ಮೇಲಿನ ಮಿತಿ ಹೇಗೂ ಗಂಟೆಗೆ 8 ಕಿಲೋಮೀಟರ್, ದಡಕ್ಕೆ ಅಲೆ ಬಡಿಯದಂತೆ ಹೋಗಬೇಕು. ನೋಡುವುದಕ್ಕೂ ಇದೇ ದಿಕ್ಕು ಚೆನ್ನ: ಊರು, ವಿಮಾನ, ಹೆದ್ದಾರಿ ಹಿಂದೆ ಉಳಿದು ಬೆಟ್ಟ, ಕಾಡು, ಹಳ್ಳಿ ಮುಂದೆ ಬರುತ್ತವೆ.

ವಿಮಾನದ ಮಾತು ಸುಮ್ಮನೆ ಹೇಳಿದ್ದಲ್ಲ. ಸ್ಟೇನ್ಸ್‌ನಿಂದ ವಿಂಡ್ಸರ್‌ವರೆಗಿನ ದಾರಿ ಹೀಥ್ರೂ ಪಕ್ಕದಲ್ಲೇ. ಬೆಲ್ ವಿಯರ್ ಲಾಕ್‌ನ ಹತ್ತಿರ ಎಂ25 ಹೆದ್ದಾರಿ ತಲೆಯ ಮೇಲೆ ಹಾದುಹೋಗುತ್ತದೆ. ಫೋಟೋಗಳಲ್ಲಿ ಈ ಸದ್ದು ಕೇಳುವುದಿಲ್ಲ. ಆದರೆ ಲಾಕ್ ದಾಟಿದ ಮೇಲೆ ಎಡಕ್ಕೆ ರನ್ನಿಮೀಡ್‌ನ ಹುಲ್ಲುಗಾವಲು ತೆರೆದುಕೊಳ್ಳುತ್ತದೆ, 1215ರ ಜೂನ್ 15ರಂದು ಜಾನ್ ದೊರೆ ತನ್ನ ಅಧಿಕಾರಕ್ಕೇ ಮಿತಿ ಹಾಕಿದ ಮ್ಯಾಗ್ನಾ ಕಾರ್ಟಾ ಎಂಬ ಸನ್ನದಿಗೆ ಮುದ್ರೆ ಒತ್ತಿದ ಜಾಗ. ದಡಕ್ಕಿಳಿದರೆ ಅಮೆರಿಕದ ವಕೀಲರ ಸಂಘ 1957ರಲ್ಲಿ ಕಟ್ಟಿಸಿದ ಕಂಬಗಳ ಮಂಟಪದ ಹತ್ತಿರ ಒಂದು ಓಕ್ ಮರ ಹುಡುಕಿ. 1994ರ ಮಾರ್ಚ್‌ನಲ್ಲಿ ಪಿ.ವಿ. ನರಸಿಂಹರಾವ್ ನೆಟ್ಟ ಮರ ಅದು. ಬುಡದ ಫಲಕದಲ್ಲಿ ನಮ್ಮ ಸಂವಿಧಾನದ ಪ್ರಸ್ತಾಪ ಇದೆ. ಎಷ್ಟೋ ಗೈಡ್‌ಗಳು ಕೆನಡಿ ಸ್ಮಾರಕ ತೋರಿಸಿ ಇದನ್ನು ಬಿಟ್ಟುಬಿಡುತ್ತಾರೆ, ನೀವೇ ಕೇಳಿ.

ವಿಂಡ್ಸರ್ ಹತ್ತಿರ ಆಲ್ಬರ್ಟ್ ಮತ್ತು ವಿಕ್ಟೋರಿಯಾ ಸೇತುವೆಗಳ ನಡುವೆ ಎಡಕ್ಕೆ ಕಾಣುವ ದಡ ವಿಂಡ್ಸರ್ ಕೋಟೆಯ ಖಾಸಗಿ ತೋಟ, ಅಲ್ಲಿ ಇಳಿಯುವಂತಿಲ್ಲ. ಕೋಟೆ ಸಾಮಾನ್ಯವಾಗಿ ಮಂಗಳವಾರ, ಬುಧವಾರ ಮುಚ್ಚಿರುತ್ತದೆ. ಬಾರ್ಜ್ ವಾರದ ನಡುವೆಯೇ ಅಲ್ಲಿಗೆ ತಲುಪುವುದು, ಆದ್ದರಿಂದ ಕೋಟೆಗೆ ಯಾವ ದಿನ ಕರೆದೊಯ್ಯುತ್ತೀರಿ ಎಂದು ಮೊದಲೇ ಬರೆದು ಕೇಳಿ. ಅಲ್ಲಿಂದ ಬೋವೆನಿ, ಬ್ರೇ ಲಾಕ್‌ಗಳು. ಮೇಡನ್‌ಹೆಡ್‌ನಲ್ಲಿ ಎಂಜಿನಿಯರ್ ಬ್ರೂನೆಲ್ ಕಟ್ಟಿದ ರೈಲು ಸೇತುವೆ ಬರುತ್ತದೆ. 1838ರಲ್ಲಿ ಮುಗಿದ ಎರಡು ಇಟ್ಟಿಗೆ ಕಮಾನು, ಒಂದೊಂದೂ 128 ಅಡಿ ಅಗಲ, ನಂಬಲಾರದಷ್ಟು ಚಪ್ಪಟೆ. ಬೀಳುತ್ತದೆ ಎಂದು ಆಗ ಹೇಳಿದವರಿದ್ದರು, ಇಂದಿಗೂ ಅದರ ಮೇಲೆ ರೈಲು ಓಡುತ್ತಿದೆ. ಕಮಾನಿನ ಕೆಳಗೆ ಹೋಗುವಾಗ ಜೋರಾಗಿ ಒಂದು ಚಪ್ಪಾಳೆ ತಟ್ಟಿ, ಅದು ಹಲವು ಸಲ ಮರುಕಳಿಸುತ್ತದೆ.

ಬೋಲ್ಟರ್ಸ್ ಮತ್ತು ಕುಕ್ಕಮ್ ಲಾಕ್‌ಗಳ ನಡುವಿನ ಎರಡು ಮೈಲಿ, ಕ್ಲಿವ್ಡನ್ ಬಂಗಲೆಯ ಕೆಳಗಿನ ನೀರು, ಈ ದಾರಿಯಲ್ಲೇ ಅತಿ ಸುಂದರ. ಬಲಕ್ಕೆ ಸುಣ್ಣಕಲ್ಲಿನ ಗುಡ್ಡ, ತುಂಬಾ ಕಾಡು. ಆ ಇಳಿಜಾರು ಪಡುವಣಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಹೋದರೆ ಪೂರ್ತಿ ನೆರಳು, ಮಧ್ಯಾಹ್ನ ನಾಲ್ಕರ ಮೇಲೆ ಹೋದರೆ ಮರಗಳೆಲ್ಲ ಹೊಳೆಯುತ್ತವೆ. ಇಲ್ಲಿ ಯಾವ ಹೊತ್ತಿಗೆ ಸಾಗುತ್ತೀರಿ ಎಂದು ಕ್ಯಾಪ್ಟನ್ ಅವರನ್ನು ಹಿಂದಿನ ರಾತ್ರಿಯೇ ಕೇಳಿದರೆ, ಲಾಕ್‌ನ ಸಮಯಕ್ಕೆ ಹೊಂದುವುದಾದರೆ, ಮಧ್ಯಾಹ್ನಕ್ಕೆ ಇಟ್ಟುಕೊಳ್ಳುತ್ತಾರೆ. ಮಾರ್ಲೋ ತೂಗುಸೇತುವೆ 1832ರದು, ವಿಲಿಯಂ ಟಿಯರ್ನಿ ಕ್ಲಾರ್ಕ್ ಕಟ್ಟಿದ್ದು. ಬುಡಾಪೆಸ್ಟ್‌ನ ಪ್ರಸಿದ್ಧ ಸರಪಳಿ ಸೇತುವೆಯ ನಕ್ಷೆಯೂ ಅವರದೇ.

ದಿನಕ್ಕೆ ದೋಣಿ ಸಾಗುವುದು ಮೂರ್ನಾಲ್ಕು ಗಂಟೆ. ಆ ಹೊತ್ತಿನಲ್ಲಿ ಒಂದು ಲಾಕ್‌ನಲ್ಲಿ ಇಳಿದು ದಡದ ಹಾದಿಯಲ್ಲಿ ನಡೆದು ಮುಂದಿನ ಲಾಕ್‌ನಲ್ಲಿ ಹತ್ತಿಕೊಳ್ಳುವುದು ಬಾರ್ಜ್ ಪ್ರವಾಸದ ಅತ್ಯುತ್ತಮ ಭಾಗ. ನಡುವೆ ಹತ್ತುವ ಜಾಗ ಇರುವುದಿಲ್ಲ, ಆದ್ದರಿಂದ ದೂರ ಕೇಳಿಕೊಂಡು ಇಳಿಯಿರಿ. ಟೆಂಪಲ್‌ನಿಂದ ಹರ್ಲಿಗೆ ಒಂದು ಮೈಲಿಯೂ ಇಲ್ಲ, ಹರ್ಲಿಯಿಂದ ಹ್ಯಾಂಬಲ್ಡನ್‌ಗೆ ಮೂರೂವರೆ ಮೈಲಿಗೂ ಹೆಚ್ಚು. ಡಾಚೆಟ್ ಹತ್ತಿರ ಹಾದಿ ನದಿ ಬಿಟ್ಟು ಊರೊಳಗೆ ಹೋಗುತ್ತದೆ, ಅಲ್ಲಿ ಇಳಿಯಬೇಡಿ. ಬಾರ್ಜ್‌ನಲ್ಲಿ ಸೈಕಲ್ ಕೊಡುತ್ತಾರೆ, ಆದರೆ ಥೇಮ್ಸ್ ಹಾದಿಯ ಎಷ್ಟೋ ಭಾಗದಲ್ಲಿ ಸೈಕಲ್‌ಗೆ ಅನುಮತಿ ಇಲ್ಲ, ನಡೆಯುವವರಿಗೆ ಮಾತ್ರ.

ಊಟದ ವಿಷಯ. ದೋಣಿಯಲ್ಲಿ ಅಂಗಡಿ ಇಲ್ಲ, ಫ್ರಿಜ್‌ನಲ್ಲಿ ಇದ್ದಷ್ಟೇ. ಬುಕಿಂಗ್ ಫಾರಂನಲ್ಲಿ ವೆಜಿಟೇರಿಯನ್ ಎಂದು ಬರೆದರೆ ಬ್ರಿಟನ್ನಿನಲ್ಲಿ ಮೊಟ್ಟೆ ಸೇರಿಯೇ ಅರ್ಥ. ಮೊಟ್ಟೆ ಬೇಡದಿದ್ದರೆ ಬೇರೆ ಸಾಲಿನಲ್ಲಿ ಬರೆಯಿರಿ, ಕೇಕು, ಪೇಸ್ಟ್ರಿ, ಮಯೊನೀಸ್ ಎಂದು ಹೆಸರು ಹಿಡಿದು. ಪಾರ್ಮೆಸಾನ್ ಚೀಸ್‌ಗೆ ಹಾಲು ಒಡೆಯಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ವೂಸ್ಟರ್ ಸಾಸ್‌ನಲ್ಲಿ ಮೀನಿರುತ್ತದೆ, ತಣ್ಣಗಿನ ಸಿಹಿಗಳಲ್ಲಿ ಜೆಲಟಿನ್ ಇರಬಹುದು. ಅಡುಗೆಯವರಿಗೆ ಆರು ವಾರ ಮುಂಚೆ ತಿಳಿಸಿದರೆ ಸಂತೋಷದಿಂದ ಬೇರೆ ಮೆನು ಮಾಡುತ್ತಾರೆ, ಭಾನುವಾರ ಸಂಜೆ ಹೇಳಿದರೆ ಆ ರಾತ್ರಿ ಬೇಯಿಸಿದ ತರಕಾರಿಯೇ ಗತಿ. ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯಿರಿ. ಭಾರತದಿಂದ ಹಾಲಿನ ಪದಾರ್ಥ ಒಯ್ಯುವುದಕ್ಕೆ ಬ್ರಿಟನ್ನಿನಲ್ಲಿ ನಿಷೇಧ ಇದೆ, ಹಾಗಾಗಿ ತುಪ್ಪ, ಧಾರವಾಡ ಪೇಡ ಮನೆಯಲ್ಲೇ ಇರಲಿ.

ಗಟ್ಟಿ ಸೂಟ್‌ಕೇಸಿಗೆ ಕೋಣೆಯಲ್ಲಿ ಜಾಗವೇ ಇಲ್ಲ, ಮಡಚಿ ಮಂಚದ ಕೆಳಗೆ ತಳ್ಳುವಂಥ ಬಟ್ಟೆಯ ಬ್ಯಾಗ್ ಬೇಕು. ಕೋಣೆಗೆ ಇಳಿಯುವ ಮೆಟ್ಟಿಲು ಕಡಿದು, ಮಂಡಿ ನೋವಿದ್ದವರು ಮೆಟ್ಟಿಲ ಫೋಟೋ ತರಿಸಿಕೊಂಡು ನೋಡಿಯೇ ಒಪ್ಪಬೇಕು. ರಾತ್ರಿ ಜನರೇಟರ್ ನಿಂತ ಮೇಲೆ ಬ್ಯಾಟರಿಯಲ್ಲಿ ದೀಪ, ಫೋನ್ ಚಾರ್ಜ್ ನಡೆಯುತ್ತದೆ. ಹೇರ್ ಡ್ರೈಯರ್, ನೀರು ಕಾಯಿಸುವ ಕೆಟಲ್ ಹಾಕಿದರೆ ಇನ್ವರ್ಟರ್ ಟ್ರಿಪ್ ಆಗಬಹುದು. ಟಿಪ್ಸ್ ಪ್ರವಾಸದ ದರದ 5ರಿಂದ 10 ಪ್ರತಿಶತ, ಎಲ್ಲರಿಗೂ ಸೇರಿ ಕ್ಯಾಪ್ಟನ್ ಕೈಗೆ, ಕೊನೆಯ ರಾತ್ರಿ.

ಹ್ಯಾಂಬಲ್ಡನ್ ಲಾಕ್ ದಾಟಿದರೆ ಟೆಂಪಲ್ ದ್ವೀಪ, ಅಲ್ಲಿಂದ ಹೆನ್ಲಿಯ ನೇರ ನೀರು. 1839ರಿಂದ ರೋಯಿಂಗ್ ಪಂದ್ಯ ನಡೆಯುವುದು ಇಲ್ಲಿಯೇ, 1 ಮೈಲಿ 550 ಗಜ. ಜುಲೈ ಮೊದಲ ವಾರದ ಸುಮಾರಿಗೆ ಪಂದ್ಯ, ಅದಕ್ಕೂ ಎಷ್ಟೋ ದಿನ ಮುಂಚಿನಿಂದಲೇ ನದಿಯ ನಡುವೆ ಗೂಟ ನೆಟ್ಟು ತೊಲೆ ಕಟ್ಟಿರುತ್ತಾರೆ, ದೋಣಿಗಳಿಗೆ ಉಳಿಯುವುದು ಪಕ್ಕದ ಓಣಿ ಮಾತ್ರ. ಪಂದ್ಯ ನೋಡುವ ಆಸೆ ಇಲ್ಲದವರು ಆ ವಾರ ಬಿಡಿ.

ಶುಕ್ರವಾರ ಮಧ್ಯಾಹ್ನ ಹೆನ್ಲಿಯಲ್ಲಿ ಬಿಡುವಿದ್ದರೆ ಮಿನಿಬಸ್ಸಿನವರನ್ನು ಸ್ಟೋಕ್ ರೋ ಹಳ್ಳಿಗೆ ಕರೆದೊಯ್ಯಲು ಕೇಳಿ. ಸುಣ್ಣಕಲ್ಲಿನ ಗುಡ್ಡದ ಮೇಲಿನ ಊರು, ಮಳೆ ನೀರೆಲ್ಲ ಇಂಗಿಹೋಗಿ ಬೇಸಿಗೆಯಲ್ಲಿ ಕುಡಿಯಲು ನೀರಿರುತ್ತಿರಲಿಲ್ಲ. ಭಾರತದಲ್ಲಿ ಅಧಿಕಾರಿಯಾಗಿದ್ದ ಎಡ್ವರ್ಡ್ ರೀಡ್ ಈ ಕಷ್ಟವನ್ನು ಬನಾರಸ್ ಮಹಾರಾಜರಿಗೆ ಹೇಳಿದ್ದರು. ಮಹಾರಾಜರು ದುಡ್ಡು ಕೊಟ್ಟು ತೋಡಿಸಿದ ಬಾವಿ 1864ರಲ್ಲಿ ತೆರೆಯಿತು. ಬಾಯಿ ನಾಲ್ಕು ಅಡಿ ಅಗಲ, ಆಳ 368 ಅಡಿ, ಪೂರ್ತಿ ಕೈಯಿಂದ ಅಗೆದದ್ದು. ಮೇಲೆ ಗುಮ್ಮಟ, ರಾಟೆಯ ಮೇಲೆ ಚಿನ್ನದ ಬಣ್ಣದ ಆನೆ. ಬಾವಿಯ ಖರ್ಚು ನೋಡಿಕೊಳ್ಳಲು ಪಕ್ಕದಲ್ಲೇ ಚೆರ್ರಿ ತೋಟವನ್ನೂ ಹಾಕಿಸಿದ್ದರು. ಅಲ್ಲಿಂದ ಊಟದ ಹೊತ್ತಿಗೆ ಮುಂಚೆ ಬಾರ್ಜ್‌ಗೆ ವಾಪಸಾಗಬಹುದು. ಶನಿವಾರ ಬೆಳಿಗ್ಗೆ ಹೆನ್ಲಿಯಿಂದ ಟ್ವೈಫರ್ಡ್‌ಗೆ ಸಣ್ಣ ರೈಲು, ಅಲ್ಲಿ ಬದಲಿಸಿ ಪ್ಯಾಡಿಂಗ್ಟನ್. ಆ ರೈಲು ಹಾದುಹೋಗುವುದು ಮೇಡನ್‌ಹೆಡ್‌ನ ಅದೇ ಇಟ್ಟಿಗೆ ಸೇತುವೆಯ ಮೇಲೆ.